ಅನ್ನ, ಮುದ್ದೆ ಬಿಟ್ಟು ಲೋ ಕಾರ್ಬ್ (ಕಾರ್ಬ್, ಅಂದರೆ ಪಿಷ್ಟ-ಸಕ್ಕರೆ, ಕಡಿಮೆ ಇರುವ ಊಟ) ಶುರು ಮಾಡಿದೆ, ಬರೀ ಸುಸ್ತು. ಕ್ಯಾಲೊರಿ ಸಾಕಾಗುತ್ತಿಲ್ಲವೇ?

ಬಹುಶಃ ಹೌದು. 100 ಗ್ರಾಂ ಅಕ್ಕಿಯ ಅನ್ನ ಬಿಟ್ಟರೆ ಸುಮಾರು 350 ಕ್ಯಾಲೊರಿ ಹೋಯಿತು. ಆ ಜಾಗಕ್ಕೆ ಸೌತೆಕಾಯಿ ಬಂದರೆ ಹೊಟ್ಟೆ ತುಂಬುತ್ತದೆ, ಅಷ್ಟೇ. ಜೊತೆಗೆ ತುಂಬ ಜನ ತುಪ್ಪವನ್ನೂ ಬಿಟ್ಟುಬಿಡುತ್ತಾರೆ. ಎಡವಟ್ಟಾಗುವುದು ಅಲ್ಲೇ! ಕಾರ್ಬ್ ಒಂದು ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ ಅಲ್ವಾ?

ಹುರುಳಿಕಾಯಿ ಪಲ್ಯಕ್ಕೆ ಕಾಯಿತುರಿ ಜಾಸ್ತಿ ಹಾಕಿ, ಮೇಲೊಂದು ದೊಡ್ಡ ಚಮಚ ತುಪ್ಪ ಬಿಡಿ. ತುಪ್ಪದಿಂದಲೇ 120 ಬಂತು. ಎರಡು ಮೊಟ್ಟೆಗೆ ಸುಮಾರು 140, ಒಂದು ಹಿಡಿ ಕಡಲೆಬೀಜ, ಅಂದರೆ 30 ಗ್ರಾಂಗೆ, 170. ಹಸಿವಿಲ್ಲ ಅಂತ ಸುಮ್ನೆ ಊಟ ಬಿಡಬೇಡಿ. ಮೊದಲ ವಾರದ ಸುಸ್ತಿಗೆ ನೀರು, ಉಪ್ಪು ಕಡಿಮೆಯಾಗಿರುವುದೂ ಕಾರಣವಿರಬಹುದು.

ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಡಾಕ್ಟರನ್ನು ಕೇಳದೆ ಅನ್ನ ಬಿಡಬೇಡಿ, ಶುಗರ್ ತೀರಾ ಇಳಿದುಬಿಡಬಹುದು.