ರಾಮ ದರ್ಬಾರ್ ನಾಣ್ಯಕ್ಕೆ ಬಿಡ್ ಹಾಕಬೇಡಿ

1818ರ ಈಸ್ಟ್ ಇಂಡಿಯಾ ಕಂಪನಿಯ ರಾಮ ದರ್ಬಾರ್ (ರಾಮ, ಸೀತೆ, ಲಕ್ಷ್ಮಣ, ಹನುಮಂತರ ಚಿತ್ರವಿರುವ) ಅರ್ಧ ಆಣೆಗೆ 18,000 ರೂಪಾಯಿ ಬಿಡ್ ಹಾಕಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅಂಥ ನಾಣ್ಯವನ್ನು ಕಂಪನಿ ಹೊರಡಿಸಲೇ ಇಲ್ಲ. ಅವು ಆಮೇಲೆ ಯಾರೋ ಮಾಡಿಸಿದ ಬಿಲ್ಲೆಗಳು. ಮದ್ರಾಸಿನ ಕೆಲವು ವರಹಗಳ ಮೇಲೆ ದೇವರ ಚಿತ್ರ ಇದ್ದದ್ದು ನಿಜ, ಆದರೆ ಅವು ಚಿನ್ನದ ಪುಟ್ಟ ನಾಣ್ಯಗಳು. ಕಂಪನಿಯ ಎಲ್ಲ ಪ್ರಾಂತ್ಯಕ್ಕೂ ಒಂದೇ ನಮೂನೆಯ ನಾಣ್ಯ ಬಂದದ್ದೇ 1835ರಲ್ಲಿ. ಕೆಲವು ಬಿಲ್ಲೆಗಳಲ್ಲಿ ‘ಯುಕೆಎಲ್ ಒನ್ ಆಣಾ’ ಎಂದಿರುತ್ತದೆ. ಅದೂ ಇದೇ ಜಾತಿ.

500 ರೂಪಾಯಿಗೆ ಮಾರಾಟಕ್ಕಿಟ್ಟಿರುವ ವಿಕ್ಟೋರಿಯಾ ರಾಣಿಯ 1862ರ ಬೆಳ್ಳಿ ರೂಪಾಯಿ? ಅಸಲಿ ತೂಕ 11.66 ಗ್ರಾಂ, ಅದರಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಇವತ್ತಿನ ಬೆಳ್ಳಿ ದರದಲ್ಲಿ ಲೆಕ್ಕ ಹಾಕಿ ನೋಡಿ. ಕರಗಿಸಿದರೇ ಜಾಸ್ತಿ ಸಿಗುವುದನ್ನು ಯಾರು ಅಷ್ಟಕ್ಕೆ ಕೊಡುತ್ತಾರೆ, ಅಲ್ವಾ? ನಾನೂ ಒಮ್ಮೆ ಹೀಗೇ ಕೊಂಡೆ. ಚಿಕ್ಕಪೇಟೆಯ ಬೆಳ್ಳಿ ಅಂಗಡಿಯಲ್ಲಿ ತೂಗಿಸಿದಾಗ 9 ಗ್ರಾಂ ಕೂಡ ಇರಲಿಲ್ಲ. ಅಂಚಿನಲ್ಲಿ ಎರಕದ ಗೆರೆ ಬೇರೆ, ಅಂದರೆ ಅಚ್ಚಿಗೆ ಹೊಯ್ದು ಮಾಡಿದ ನಕಲಿ. ಆ ದಿನ ತುಂಬಾ ಬೇಜಾರಾಯಿತು.

ಮಾರುವವರ ಹತ್ತಿರ ತಕ್ಕಡಿಯ ಮೇಲಿಟ್ಟ ಫೋಟೋ ಕೇಳಿ, ಅಂಚಿನ ಫೋಟೋನೂ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಆಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿ ಅಲ್ಲ. ಆದರೆ ಅಂಟದಿದ್ದರೆ ಸಾಲದು, ತಾಮ್ರ, ಹಿತ್ತಾಳೆಯೂ ಅಂಟುವುದಿಲ್ಲ.

ಹಳೆ ನಾಣ್ಯದ ವ್ಯವಹಾರಕ್ಕೆಂದು ಯಾರಾದರೂ ರಿಸರ್ವ್ ಬ್ಯಾಂಕ್ ಹೆಸರಲ್ಲಿ ಕಮಿಷನ್ ಕೇಳಿದರೆ ಒಂದು ಪೈಸೆನೂ ಕಳಿಸಬೇಡಿ. ಆ ಮೋಸದ ಬಗ್ಗೆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಬಿಡ್ ಮುಗಿಯುವ ಮೊದಲು ಎರಡೂ ಬದಿಯ ಫೋಟೋ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.