1940ರ ದಶಕದ ವಿಗ್: ಜಾರದಂತೆ, ಸುರುಳಿ ಬಿಚ್ಚದಂತೆ

ನಿಮ್ಮ ಪ್ರಶ್ನೆ ಓದಿದೆ. ನಿಮ್ಮ ನಾಟಕ ಎರಡನೇ ಮಹಾಯುದ್ಧದ ಕಾಲದ ಇಂಗ್ಲೆಂಡಿನ ಕಥೆ, ಕೈಯಲ್ಲಿರುವುದು ಎರಡು ರೆಡಿಮೇಡ್ ಸಿಂಥೆಟಿಕ್ ವಿಗ್. ಲೈಟ್ ಬಿದ್ದರೆ ಹೊಳೆಯುತ್ತವೆ, ಎರಡನೇ ಸೀನ್ ಹೊತ್ತಿಗೆ ಸುರುಳಿ ಬಿಚ್ಚುತ್ತದೆ, ಕುಣಿಯುವಾಗ ಹಿಂದಕ್ಕೆ ಜಾರುತ್ತವೆ. ಬೇರೆ ವಿಗ್ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಬೇಡ. ಇವುಗಳಲ್ಲೇ ಆಗುತ್ತದೆ. ಆದರೆ ಮೊದಲು ಸರಿ ಮಾಡಬೇಕಾದದ್ದು ವಿಗ್ ಅಲ್ಲ, ಅದರ ಕೆಳಗಿರುವ ತಲೆ.

ನಟಿಯ ಸ್ವಂತ ಕೂದಲನ್ನು ತುರುಬು ಕಟ್ಟಿ ಅದರ ಮೇಲೆ ವಿಗ್ ಹಾಕುತ್ತಿದ್ದೀರಿ ಅಂತ ಕಾಣುತ್ತೆ. ತುರುಬಿನ ಗಂಟು ವಿಗ್ಗನ್ನು ಮೇಲಕ್ಕೆ ತಳ್ಳುತ್ತದೆ, ಅಲ್ಲಿಂದ ಜಾರಾಟ ಶುರು. ಅದರ ಬದಲು ಕೂದಲನ್ನು ಸಣ್ಣ ಸಣ್ಣ ಭಾಗ ಮಾಡಿ, ಬೆರಳಿಗೆ ಸುತ್ತಿ, ನಾಣ್ಯದ ಹಾಗೆ ಚಪ್ಪಟೆಯಾಗಿ ತಲೆಗೆ ಅಂಟಿಸಿ. ಪ್ರತಿ ಸುತ್ತಿಗೂ ಎರಡು ಪಿನ್, ಒಂದರ ಮೇಲೊಂದು ಅಡ್ಡಡ್ಡ. ಹಣೆಯ ಮೇಲೆ ನಡುವೆ ಒಂದು, ಎರಡೂ ಕಣತಲೆಯ ಹತ್ತಿರ, ಕಿವಿಯ ಹಿಂದೆ, ಕತ್ತಿನ ಮೇಲೆ ಎರಡು. ಇಷ್ಟು ಬೇಕೇ ಬೇಕು. ಮೇಲೆ ವಿಗ್ ಕ್ಯಾಪ್ (ವಿಗ್ಗಿನ ಕೆಳಗೆ ಬಿಗಿಯಾಗಿ ಕೂರುವ ತೆಳು ಟೋಪಿ) ಎಳೆದು, ವಿಗ್ಗನ್ನು ಹಣೆಯ ಕಡೆಯಿಂದ ಕೂರಿಸಿ ಹಿಂದಕ್ಕೆ ಎಳೆಯಿರಿ. ಆಮೇಲೆ ಪಿನ್ನು ವಿಗ್ಗಿನ ಬಟ್ಟೆಯನ್ನು ದಾಟಿ ಈ ಸುತ್ತುಗಳಿಗೇ ಸಿಕ್ಕಬೇಕು. ಬರೀ ಕ್ಯಾಪಿಗೆ ಚುಚ್ಚಿದರೆ ಕ್ಯಾಪಿನ ಸಮೇತ ಜಾರುತ್ತದೆ. ಕೂರಿಸಿದ ಮೇಲೆ ನಟಿ ತಲೆ ಬಗ್ಗಿಸಿ ಜೋರಾಗಿ ಅಲ್ಲಾಡಿಸಲಿ. ಎಲ್ಲಿ ಎಳೆಯುತ್ತೆ, ಎಲ್ಲಿ ಸಡಿಲ ಅಂತ ಅವರೇ ಹೇಳುತ್ತಾರೆ.

ಈಗ ಸುರುಳಿ. ಸಿಂಥೆಟಿಕ್ ಎಳೆಗೆ ಆಕಾರ ಕೊಡುವುದು ಬಿಸಿ, ಅದನ್ನು ಹಿಡಿದಿಡುವುದು ತಣಿಯುವಿಕೆ. ಜಾಸ್ತಿ ಸ್ಪ್ರೇ ಹೊಡೆದರೆ ನಿಲ್ಲುತ್ತೆ ಅನ್ನುವುದು ತಪ್ಪು. ಶಾಖ ತಡೆಯುವ ಎಳೆ ಅಂತ ಬರೆದಿಲ್ಲದಿದ್ದರೆ ಕರ್ಲಿಂಗ್ ಐರನ್ ಮುಟ್ಟಿಸಲೇಬೇಡಿ, ಎಳೆ ಕರಗಿ ಮುದುಡುತ್ತದೆ. ವಿಗ್ಗನ್ನು ಬಟ್ಟೆಯ ತಲೆದಿಮ್ಮಿಗೆ ಪಿನ್ ಹೊಡೆದು, ರೋಲರ್ ಸುತ್ತಿ, ಬಟ್ಟೆಗೆ ಕೊಡುವ ಸ್ಟೀಮರಿನಿಂದ ಅರ್ಧ ಗೇಣು ದೂರದಿಂದ ಆವಿ ಕೊಡಿ. ರೋಲರ್ ಬಿಸಿಯಾಗುವವರೆಗೆ. ಆಮೇಲೆ ಇಡೀ ರಾತ್ರಿ ಮುಟ್ಟಬೇಡಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಒಂದು ಸಲ ಸಂಜೆಯ ಶೋಗೆ ನಾನು ಮಧ್ಯಾಹ್ನ ಆವಿ ಕೊಟ್ಟೆ. ನಾಲ್ಕು ಗಂಟೆಗೆ ಮುಟ್ಟಿದರೆ ತಣ್ಣಗಿತ್ತು, ಬಿಚ್ಚಿಬಿಟ್ಟೆ. ಹೊರಗಿನ ಸುತ್ತು ತಣ್ಣಗಿದ್ದರೂ ರೋಲರಿಗೆ ಅಂಟಿದ ಒಳಸುತ್ತು ಇನ್ನೂ ಬೆಚ್ಚಗೆ, ಪಸೆಪಸೆಯಾಗಿತ್ತು. ಮೊದಲ ಅಂಕ ಮುಗಿಯುವಷ್ಟರಲ್ಲಿ ಕೆಳಗಿನ ಸಾಲು ಪೂರ್ತಿ ನೆಟ್ಟಗಾಗಿ ನಟಿಯ ಭುಜದ ಮೇಲೆ ಇಳಿದಿತ್ತು. ಅವತ್ತಿನಿಂದ ಹಿಂದಿನ ದಿನವೇ ಸುತ್ತಿಡುತ್ತೇನೆ.

ಬಿಚ್ಚಿದ ಕೂಡಲೇ ಸಾಲು ಸಾಲು ಗುಂಗುರು ಕಾಣುತ್ತೆ. ಚೆಂದ ಇದೆ ಅಂತ ಹಾಗೇ ಬಿಡಬೇಡಿ. ಅಗಲ ಹಲ್ಲಿನ ಬಾಚಣಿಗೆಯಿಂದ ಧೈರ್ಯವಾಗಿ ಬಾಚಿ. ಸುರುಳಿಗಳೆಲ್ಲ ಸೇರಿ ಒಂದೇ ಅಲೆಯಾದಾಗಲೇ 1940ರ ದಶಕದ ಕಳೆ ಬರುವುದು. ಹಣೆಯ ಮೇಲೆ ಕೂದಲನ್ನು ಎತ್ತಿ ಸುತ್ತುವ, ಆ ಕಾಲದ ವಿಕ್ಟರಿ ರೋಲ್‌ಗೆ ಬುಡದಲ್ಲಿ ಹಿಂಬಾಚು ಹಾಕಿ (ತುದಿಯಿಂದ ಬುಡದ ಕಡೆಗೆ ಬಾಚಿ ಉಬ್ಬಿಸಿ), ಮೇಲ್ಮೈ ನಯ ಮಾಡಿ, ಎರಡು ಬೆರಳಿನ ಮೇಲೆ ಸುತ್ತಿ, ಬೆರಳು ಮೆಲ್ಲಗೆ ಎಳೆದುಕೊಂಡು ಒಳಗಿನಿಂದ ಪಿನ್ ಹಾಕಿ. ಒಳಗೆ ನೆಟ್ಟಿನಲ್ಲಿ ಸುತ್ತಿದ ಕೂದಲುಂಡೆ ಇಟ್ಟರೆ ಕುಣಿದರೂ ಕುಸಿಯುವುದಿಲ್ಲ. ಕೊನೇ ಸಾಲಿನಲ್ಲಿ ಕೂತವರಿಗೆ ಕಾಣುವುದು ತಲೆಯ ಹೊರರೇಖೆ ಮಾತ್ರ. ಆ ಕಾಲದ್ದು ಹಣೆಯ ಮೇಲೆ ಎತ್ತರ, ಕಿವಿಯ ಹತ್ತಿರ ಒತ್ತಾಗಿ, ಕತ್ತಿನಲ್ಲಿ ಒಳಮಡಿಕೆ. ಈ ಮೂರು ಸರಿ ಇದ್ದರೆ ಸಣ್ಣಪುಟ್ಟ ತಪ್ಪು ಯಾರಿಗೂ ಕಾಣುವುದಿಲ್ಲ.

ಪಾತ್ರದ ಕೆಲಸ ಏನು ಅಂತಲೂ ನೋಡಿ. ಬ್ರಿಟನ್ನಿನ ಸೇನಾ ಸಮವಸ್ತ್ರದ ಹೆಂಗಸರ ಕೂದಲು ಕಾಲರಿಗೆ ತಾಗುವಂತಿರಲಿಲ್ಲ. ಅದಕ್ಕೇ ತಲೆಯ ಸುತ್ತ ರಿಬ್ಬನ್ನೋ ಹಳೇ ಕಾಲುಚೀಲವೋ ಕಟ್ಟಿ, ಕೂದಲನ್ನು ಅದಕ್ಕೆ ಸುತ್ತಿ ಸಿಕ್ಕಿಸುತ್ತಿದ್ದರು. ವಿಗ್ಗಿಗೂ ಇದು ಚೆನ್ನಾಗಿ ಒಗ್ಗುತ್ತೆ, ಕತ್ತಿನ ಅಂಚು ಕೂಡ ಮುಚ್ಚುತ್ತೆ. ಕಾರ್ಖಾನೆಯವಳಾದರೆ ತಲೆಗೆ ಸ್ಕಾರ್ಫ್ ಅಥವಾ ಬಲೆ, ಕೂದಲು ಯಂತ್ರಕ್ಕೆ ಸಿಕ್ಕುವ ಭಯ ನಿಜಕ್ಕೂ ಇತ್ತು. ಇದೇ ಭಯಕ್ಕೆ ಅಮೆರಿಕದಲ್ಲಿ ಸರ್ಕಾರ ಕೇಳಿಕೊಂಡಿದ್ದರಿಂದ ನಟಿ ವೆರೋನಿಕಾ ಲೇಕ್ ಕಣ್ಣಿನ ಮೇಲೆ ಇಳಿಯುವ ತನ್ನ ಹೆಸರಾಂತ ಕೂದಲನ್ನೇ 1943ರಲ್ಲಿ ಎತ್ತಿ ಕಟ್ಟಿದ್ದರು.

ಸ್ಕಾರ್ಫ್ ಇಲ್ಲದ ಪಾತ್ರಕ್ಕೆ ಹಣೆಯಂಚು ಕಷ್ಟ. ನಿಮ್ಮದು ಲೇಸ್ (ಹಣೆಯಂಚಿನಲ್ಲಿ ಕಾಣದಂತೆ ಕೂರುವ ತೆಳು ಬಲೆ) ಇಲ್ಲದ ವಿಗ್, ಅಂಚು ದಪ್ಪ. ನಟಿಯ ಕೂದಲಿನ ಬಣ್ಣ ಹೊಂದಿದರೆ ಮುಂದಿನ ಒಂದು ಬೆರಳಗಲ ಹೊರಗೆ ಬಿಟ್ಟು, ವಿಗ್ಗನ್ನು ಅದರ ಹಿಂದಕ್ಕೆ ಕೂರಿಸಿ, ಎರಡನ್ನೂ ಸೇರಿಸಿ ರೋಲ್ ಮಾಡಿ. ಅಂಚು ಮಾಯ.

ಹೊಳಪಿಗೆ ಟಾಲ್ಕಂ ಪೌಡರ್ ಅಥವಾ ಡ್ರೈ ಶಾಂಪೂ ಸಾಕು. ಸ್ವಲ್ಪ ಉದುರಿಸಿ, ಬಾಚಿ, ಸ್ಟೇಜ್ ಲೈಟಿನಲ್ಲೇ ನೋಡಿ. ಬಣ್ಣ ಹಚ್ಚಲು ಹೋಗಬೇಡಿ, ಮಾಮೂಲಿ ಹೇರ್ ಡೈ ಸಿಂಥೆಟಿಕ್‌ಗೆ ಹಿಡಿಯುವುದಿಲ್ಲ.

ನಟಿಯರ ಕೂದಲು ಎಷ್ಟು ಉದ್ದ ಇದೆ ಅಂತ ಬರೆಯಿರಿ. ಬೆರಳಿಗೆ ಸುತ್ತಲು ಸಿಗದಷ್ಟು ಗಿಡ್ಡ ಇದ್ದರೆ ಪಿನ್ ಹಿಡಿಯಲು ಬೇರೆ ದಾರಿ ಮಾಡಬೇಕಾಗುತ್ತದೆ, ಅದನ್ನು ವಿವರವಾಗಿ ಹೇಳುತ್ತೇನೆ.