ಓದುಗರ ಪ್ರಶ್ನೆ: ಪಾಟಿಕಲ್ಲಿನ ಗುಡ್ಡವೂ ತಾಳಿಕೋಟಿ ಪರಸಿಯೂ

ಪ್ರಶ್ನೆ: ವೇಲ್ಸ್‌ನ ದಿನಾರ್ವಿಕ್ ಎಂಬ ಪಾಟಿಕಲ್ಲಿನ ಖಣಿಯ ಚಿತ್ರ ನೋಡಿದೆ. ಗುಡ್ಡದ ಮೈಯೆಲ್ಲ ಮೆಟ್ಟಿಲು ಮೆಟ್ಟಿಲು, ಒಂದು ಆಳೂ ಇಲ್ಲ. ಕಲ್ಲು ತೀರಿಹೋಯಿತೇನು? ನೆಲಕ್ಕೆ ಹಾಸುವ ನಮ್ಮ ಪರಸಿ ಕಲ್ಲನ್ನೂ ಹಾಗೆ ತೆಳ್ಳಗೆ ಸೀಳಲು ಬರುತ್ತದೆಯೇ?
— ಓದುಗರು, ತಾಳಿಕೋಟಿ

ಉತ್ತರ: ಕಲ್ಲು ತೀರಿರಲಿಲ್ಲ. 1787ರಿಂದ ದೊಡ್ಡ ಮಟ್ಟದಲ್ಲಿ ನಡೆದ ಈ ಖಣಿಯಲ್ಲಿ ಒಂದು ಕಾಲಕ್ಕೆ 3,000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಕೆಡಿಸಿದ್ದು ಕಸಗಲ್ಲು. ಚಾವಣಿಗೆ ಹೊದಿಸುವ ಹಾಳೆ ಒಂದು ಟನ್ ಸಿಗಬೇಕಾದರೆ ಸುಮಾರು ಹತ್ತು ಟನ್ ಕಸ ಬೀಳುತ್ತದೆ. ಅದನ್ನು ಮೇಲಿನ ಮೆಟ್ಟಿಲುಗಳಿಂದ ಸಿಕ್ಕಲ್ಲಿ ಸುರಿದರು. ಅದು ಜಾರಿ ಕೆಳಗಿನ ಒಳ್ಳೆಯ ಕಲ್ಲನ್ನೇ ಮುಚ್ಚಿತು. 1966ರಲ್ಲಿ ದೊಡ್ಡ ಕುಸಿತವೂ ಆಯಿತು. ಅಷ್ಟರಲ್ಲಿ ಸಿಮೆಂಟ್ ಹೆಂಚು ಅಗ್ಗವಾಗಿ ಬಂದಿತ್ತು. 1969ರಲ್ಲಿ ಖಣಿ ಮುಚ್ಚಿತು. ಅದರ ಕಮ್ಮಾರಸಾಲೆ, ಮರಗೆಲಸದ ಮನೆಗಳು 1972ರಿಂದ ವಸ್ತುಸಂಗ್ರಹಾಲಯ. ಖಣಿಯಿದ್ದ ಎಲಿದಿರ್ ಬೆಟ್ಟದ್ದೇ ಹೊಟ್ಟೆ ಕೊರೆದು 1984ರಲ್ಲಿ ಜಲವಿದ್ಯುತ್ ಕೇಂದ್ರ ಶುರುಮಾಡಿದರು.

ಇನ್ನು ಸೀಳುವ ಮಾತು. ತೂತಿಗೆ ಡೈನಮೈಟ್ ತುಂಬಿದರೆ ಪಾಟಿಕಲ್ಲು ಒಳಗೊಳಗೇ ಬಿರುಕುಬಿಡುತ್ತದೆ. ಆದ್ದರಿಂದ ಮೆಲ್ಲಗೆ ದಬ್ಬುವ ಕರಿಮದ್ದೇ ಬೇಕು. ಬಂಡೆಯ ಹಸಿ ಆರುವ ಮುನ್ನ ಸೀಳಬೇಕು. ಅಗಲವಾದ ತೆಳು ಉಳಿಯನ್ನು ಅಂಚಿನ ನಡುಮಧ್ಯಕ್ಕಿಟ್ಟು ಹಗುರಾಗಿ ಬಡಿದು ಎರಡು ಪಾಲು, ಆಮೇಲೆ ಪ್ರತಿ ಪಾಲನ್ನೂ ಮತ್ತೆ ಎರಡು. ಒಂದು ಬದಿಯಿಂದ ತೆಳು ಹಾಳೆ ಎಬ್ಬಿಸಲು ಹೋದರೆ ಸೀಳು ತೆಳುವಿನ ಕಡೆಗೇ ವಾಲಿ ಅರ್ಧಕ್ಕೆ ಮುರಿಯುತ್ತದೆ. ಹೊಸಬರು ಕೆಡಿಸುವುದು ಇಲ್ಲೇ. ಹೀಗೆ ಮಾಡಿದರೆ 5–8 ಮಿಲಿಮೀಟರಿನ ಹಾಳೆ ಸಿಗುತ್ತದೆ.

ನಿಮ್ಮ ಪರಸಿಗೆ ಇದು ಆಗದು. ಪಾಟಿಕಲ್ಲೆಂದರೆ ನೆಲದೊಳಗಿನ ಒತ್ತಡಕ್ಕೆ ಸಿಕ್ಕ ಕೆಸರುಕಲ್ಲು; ಅದರೊಳಗಿನ ಅಭ್ರಕದ ಸಣ್ಣ ಚೂರುಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತವೆ, ಹಾಗಾಗಿ ಎಲ್ಲಿ ಉಳಿ ಇಟ್ಟರೂ ಅದೇ ದಿಕ್ಕಿಗೆ ಸೀಳುತ್ತದೆ. ಪರಸಿ ಸುಣ್ಣಕಲ್ಲು. ಪದರ ಕೂತಲ್ಲಿ ಮಾತ್ರ ಬಿಡುತ್ತದೆ, ಪದರದ ದಪ್ಪ ನಿಮ್ಮ ಕೈಯಲ್ಲಿಲ್ಲ. ಅನುಮಾನವಿದ್ದರೆ ಕಲ್ಲನ್ನು ಕೆರೆದು ಆ ಪುಡಿಗೆ ನಿಂಬೆರಸ ಹಿಂಡಿ: ಪರಸಿಯಾದರೆ ಸಣ್ಣ ಗುಳ್ಳೆ ಏಳುತ್ತವೆ, ಪಾಟಿಕಲ್ಲು ಸುಮ್ಮನಿರುತ್ತದೆ.

ಪ್ರಶ್ನೆ: ಅಜ್ಜನ ಕಾಲದ ಪಾಟಿ ಸಿಕ್ಕಿದೆ. ಇದೂ ವೇಲ್ಸ್‌ದೇ ಇರಬಹುದೇ? ಅಂಚು ಮುಕ್ಕಾಗಿದೆ, ಉಜ್ಜಿ ನಯ ಮಾಡಲೇ?
— ಓದುಗರು, ಬಾದಾಮಿ

ಉತ್ತರ: ಕಲ್ಲಿನದಾದರೆ ಆಂಧ್ರದ ಮಾರ್ಕಾಪುರದ್ದಿರುವ ಸಂಭವ ಹೆಚ್ಚು, ಶಾಲೆಯ ಪಾಟಿಗೆ ಅದೇ ಹೆಸರಾದ ಊರು. ನಾಣ್ಯದಿಂದ ತಟ್ಟಿ ನೋಡಿ, ತಗಡಿನದಾದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಒಣಗಿದ್ದನ್ನು ಉಜ್ಜಬೇಡಿ. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಪುಪ್ಪುಸಕ್ಕೆ ಇಳಿದರೆ ಹೊರಬಾರದು. ವೇಲ್ಸ್‌ನ ಖಣಿ ಕಾರ್ಮಿಕರು ಇದೇ ಧೂಳಿನಿಂದ ಬಳಲಿದರು, ಅವರಿಗೆ ಪರಿಹಾರದ ಕಾಯ್ದೆ ಬಂದದ್ದು 1979ರಲ್ಲಿ. ಪಾಟಿಯನ್ನೂ ಉಜ್ಜುಕಾಗದವನ್ನೂ ಒದ್ದೆ ಮಾಡಿಕೊಂಡೇ ಉಜ್ಜಿ, ಕೆಸರನ್ನು ಆರುವ ಮುನ್ನ ಬಟ್ಟೆಯಿಂದ ಒರೆಸಿಬಿಡಿ.